ಕೆಳಗಿನ ಕೋಣೆಯವರು

ಮಾರ್ಚ್ ೪

ಅತ್ತೆಯವರಿಗೆ ನಮಸ್ಕಾರ.

ಕ್ಷೇಮವಾಗಿ ತಲುಪಿದೆ. ಸಾಮಾನಿನ ಲಾರಿ ನನಗಿಂತ ಮೊದಲೇ ಬಂದು ಸೇತುವೆಯ ಆಚೆ ನಿಂತಿತ್ತು. ಸೇತುವೆ ಕಿರಿದು, ಲಾರಿ ದಾಟುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಎಲ್ಲವನ್ನೂ ತರಕಾರಿ ತರುವ ದೋಣಿಯೊಂದಕ್ಕೆ ಹೇರಿ ಕಾಲುವೆಯ ಮೇಲೆ ಮನೆಯ ಮೆಟ್ಟಿಲಿನವರೆಗೂ ತಂದರು. ನಿಮ್ಮ ಮಗನ ಬಟ್ಟೆಯ ಕಪಾಟು ನೀರಿನ ಮೇಲೆ ತೇಲಿ ಬರುವುದನ್ನು ದಡದಲ್ಲಿ ನಿಂತು ನೋಡಿದೆ. ಕಪಾಟಿಗೆ ಏನೂ ಆಗಿಲ್ಲ.

ಮನೆ ಎತ್ತರಕ್ಕಿದೆ, ಅಗಲಕ್ಕಿಲ್ಲ. ಕೆಳಗೆ ಒಂದು ಕೋಣೆ ಮತ್ತು ಅಡುಗೆಮನೆ, ಮೇಲೆ ಎರಡು ಕೋಣೆ, ನಡುವೆ ಏಣಿಯಂಥ ಮೆಟ್ಟಿಲು. ಸರಕೆಲ್ಲ ರಸ್ತೆಯಲ್ಲಿ ಹೋಗಲು ಶುರುವಾದ ಮೇಲೆ ದೊಡ್ಡ ದೋಣಿಗಳು ನಿಂತು, ಊರಿನಲ್ಲಿ ಮನೆಗಳು ಖಾಲಿ ಬಿದ್ದಿವೆ. ಬಾಡಿಗೆ ನಗರದ ಅರ್ಧಕ್ಕಿಂತ ಕಡಿಮೆ. ಮೇಲಿನ ಒಂದು ಕೋಣೆಯಲ್ಲಿ ಮೇಣ, ಪ್ಲಾಸ್ಟರು, ಹೊಳಪು ಕೊಡುವ ಯಂತ್ರ ಎಲ್ಲ ಜೋಡಿಸಿದ್ದೇನೆ. ಇಲ್ಲಿನ ಹಲ್ಲಿನ ಡಾಕ್ಟರು ಬಂದು ನೋಡಿ ಹೋದರು. "ಈ ಊರಲ್ಲಿ ಹಲ್ಲು ಕಟ್ಟೋರೇ ಇರಲಿಲ್ಲಮ್ಮ. ಕೆಲವರು ನಗರಕ್ಕೆ ಹೋಗಿ ಕಟ್ಟಿಸ್ಕೊಂಡ್ರು, ಉಳಿದವರು ಗಂಜಿಗೆ ಒಗ್ಗಿಕೊಂಡ್ರು" ಅಂದರು. ಕೆಲಸಕ್ಕೆ ಬರವಿಲ್ಲ.

ಫೋನು ಮಾಡಿ ಎನ್ನುವಂತಿಲ್ಲ. ಅದರಲ್ಲಿ ಅರ್ಧ ಮಾತು ಕೇಳುವುದಿಲ್ಲ, ಉಳಿದರ್ಧ ಬೇರೇನೋ ಕೇಳುತ್ತದೆ ಎಂದು ನೀವೇ ಹೇಳಿದ್ದೀರಿ. ಆದ್ದರಿಂದ ಪತ್ರ.

ಕೆಳಗಿನ ಕೋಣೆಯನ್ನು ನಿಮಗೆಂದು ಬಿಟ್ಟಿದ್ದೇನೆ. ಮೆಟ್ಟಿಲು ಹತ್ತುವ ತೊಂದರೆ ಇಲ್ಲ. ಬರುವುದು ಬಿಡುವುದು ನಿಮ್ಮ ಇಷ್ಟ.

ಇತಿ,
ನಿಮ್ಮ ಸೊಸೆ


ಮಾರ್ಚ್ ೧೫

ಸೊಸೆಗೆ ಆಶೀರ್ವಾದ.

ಕಪಾಟಿಗೆ ಏನೂ ಆಗಿಲ್ಲ ಎಂದು ಬರೆದಿದ್ದೀ. ನೀನು ಹೇಗಿದ್ದೀ ಎಂದು ಬರೆದಿಲ್ಲ. ಕಪಾಟಿಗಿಂತ ಚೆನ್ನಾಗಿದ್ದೀಯೆಂದು ತಿಳಿಯುತ್ತೇನೆ.

ಕೋಣೆಯ ವಿಷಯ. ಕರೆದೆಯಲ್ಲ, ಅಷ್ಟು ಸಾಕು. ನಲ್ಲಿ ತಿರುಗಿಸಿದ ಸದ್ದಾದರೇ ಬಚ್ಚಲಿಗೆ ಓಡುವ ವಯಸ್ಸು ನನ್ನದು, ಇನ್ನು ಮನೆ ಮುಂದೆ ಕಾಲುವೆಯೇ ಹರಿದರೆ ಮುಗಿಯಿತು. ಅಲ್ಲದೆ ಇಲ್ಲಿ ಕೆಲಸ ಬಿಟ್ಟು ಬರುವಂತಿಲ್ಲ. ನಾಟಕ ಮಂದಿರದವರು ಹೊಸ ನಾಟಕ ಹೂಡಿದ್ದಾರೆ. ಮೂವರು ರಾಜರು, ಒಂದೇ ನಿಲುವಂಗಿ. ಮೊದಲನೆಯವನು ಕಡ್ಡಿ, ಕೊನೆಯವನು ಡೋಲು. ಒಬ್ಬ ಸತ್ತು ಇನ್ನೊಬ್ಬ ಪಟ್ಟಕ್ಕೆ ಬರುವಷ್ಟರಲ್ಲಿ ನಾನು ಪರದೆಯ ಹಿಂದೆ ಕೂತು ಹೊಲಿಗೆ ಬಿಚ್ಚಿ ಅಗಲ ಮಾಡಬೇಕು. ನಿರ್ದೇಶಕ ಬಂದು, "ಅಮ್ಮಾ, ಸ್ವಲ್ಪ ಬೇಗ ಆಗುತ್ತಾ?" ಅಂದ. "ರಾಜನಿಗೆ ಸ್ವಲ್ಪ ನಿಧಾನವಾಗಿ ಸಾಯೋಕೆ ಹೇಳಪ್ಪ" ಅಂದೆ.

ಮನೆ ಹಾಗೇ ಇದೆ. ನಿನ್ನ ಕೋಣೆಯನ್ನು ಗುಡಿಸಿಟ್ಟಿದ್ದೇನೆ. ಮಂದಿರದಲ್ಲಿ ಟಿಕೆಟ್ ಕೊಡುವವಳು ಆಗಾಗ ಬಂದು ಕೂರುತ್ತಾಳೆ, ಇಬ್ಬರೂ ಸೇರಿ ಊರವರನ್ನೆಲ್ಲ ಆಡಿಕೊಳ್ಳುತ್ತೇವೆ. ಮುದುಕಿ ಒಂಟಿಯಾದಳು ಎಂದು ಕೊರಗಬೇಡ. ಕೊರಗುತ್ತಿಲ್ಲ ಎಂದೂ ಬಲ್ಲೆ.

ನೀರಿನ ಊರಲ್ಲಿ ಮರದ ಬಾಗಿಲು ಊದಿಕೊಳ್ಳುತ್ತದೆ. ಅಂಚಿಗೆ ಮೇಣ ಉಜ್ಜು. ಮೇಣ ನಿನ್ನ ಬಳಿ ಬೇಕಾದಷ್ಟಿದೆ.

ನಿನ್ನ ಅತ್ತೆ


ಏಪ್ರಿಲ್ ೯

ಅತ್ತೆಯವರಿಗೆ ನಮಸ್ಕಾರ.

ಬಾಗಿಲು ಊದಿತ್ತು. ಮೇಣ ಉಜ್ಜಿದೆ, ಸರಿಹೋಯಿತು.

ಬೇರೆ ವಿಷಯಗಳೂ ಒಂದೊಂದಾಗಿ ತಿಳಿಯುತ್ತಿವೆ. ಚರ್ಮದ ಚಪ್ಪಲಿಯನ್ನು ನೆಲದ ಮೇಲೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಉಪ್ಪಿನ ಡಬ್ಬಿಯನ್ನು ಒಲೆಯ ಹತ್ತಿರವೇ ಇಡಬೇಕು. ಬೆಳಿಗ್ಗೆ ಬಿಸಿಲು ನೀರಿಗೆ ಬಿದ್ದು, ಅಲ್ಲಿಂದ ನನ್ನ ಕೋಣೆಯ ಛಾವಣಿಗೆ ಬಂದು ಅಲುಗಾಡುತ್ತದೆ. ಅದನ್ನು ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ. ಕೆಳಗಿನ ಕಿಟಕಿಗಳ ಪಕ್ಕದಲ್ಲೇ ದಾರಿ. ಹೋಗುವವರೆಲ್ಲ ಒಳಗೆ ಇಣುಕಿ ನೋಡುತ್ತಾರೆ, ನೋಡಿದ್ದನ್ನು ಮುಚ್ಚಿಡುವುದೂ ಇಲ್ಲ. ಪಕ್ಕದ ಬ್ರೆಡ್ಡಿನ ಅಂಗಡಿಯವಳು, "ನಿನ್ನೆ ನಿಮ್ಮನೇಲಿ ದೀಪ ಬೇಗ ಆರಿತಲ್ಲ, ಹುಷಾರಿಲ್ವಾ?" ಎಂದು ಕೇಳಿದಳು.

ಮೊದಮೊದಲು ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ದಿನ ಇರ್ತೀರಿ?" ಅಗ್ಗದ ಬಾಡಿಗೆ ನೋಡಿ ಬಂದವರು ಒಂದು ಚಳಿಗಾಲ ಕಳೆದ ಮೇಲೆ ಹೊರಟುಬಿಡುತ್ತಾರಂತೆ. ನಾನು, "ನೋಡೋಣ" ಎನ್ನುತ್ತಿದ್ದೆ. ಹಾಗೆಂದವರಿಗೆ ಯಾರೂ ಹೆಚ್ಚು ಮಾತು ಕೊಡುವುದಿಲ್ಲ ಎಂದು ಆಮೇಲೆ ತಿಳಿಯಿತು.

ಮೊದಲ ಪೂರ್ತಿ ಹಲ್ಲುಸೆಟ್ಟು ಕಟ್ಟಿದ್ದು ಒಬ್ಬ ಹಳೆಯ ದೋಣಿಯವರಿಗೆ. ಹಾಕಿಕೊಂಡು ಕನ್ನಡಿ ನೋಡಿದರು, ನಗಲಿಲ್ಲ. ನೇರ ಪಕ್ಕದ ಅಂಗಡಿಗೆ ಹೋಗಿ ಎಲ್ಲಕ್ಕಿಂತ ಗಟ್ಟಿಯಾದ ಬ್ರೆಡ್ಡು ಕೊಂಡು, ಬೀದಿಯಲ್ಲೇ ನಿಂತು ತಿಂದು ಮುಗಿಸಿದರು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಆ ದಿನ ಅವರಿಗೆ ಎರಡೂ ಇದ್ದವು. ಅದಾದ ಮೇಲೆ ಜನ ಬರುತ್ತಿದ್ದಾರೆ. ಬೀದಿಯಲ್ಲಿ ನನ್ನ ಹೆಸರು ಈಗ ಹಲ್ಲಮ್ಮ.

ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಸದ್ದಿರುವುದಿಲ್ಲ. ಅದು ನನಗೆ ಅಭ್ಯಾಸವೇ.

ಕೋಣೆ ಇನ್ನೂ ಖಾಲಿ ಇದೆ.

ನಿಮ್ಮ ಸೊಸೆ


ಏಪ್ರಿಲ್ ೨೦

ಸೊಸೆಗೆ ಆಶೀರ್ವಾದ.

ಜೊತೆಗಿರುವ ಗಂಟಿನಲ್ಲಿ ಕಿಟಕಿಗೆ ಪರದೆಗಳಿವೆ. ಹೊಸ ಬಟ್ಟೆಯಲ್ಲ, ನಾಟಕದ ಹಳೆಯ ಪರದೆಯನ್ನು ಕತ್ತರಿಸಿ ಹೊಲಿದದ್ದು. ಮಂದಿರದವರು ಸುಮ್ಮನೆ ಕೊಟ್ಟರು. ಒಂದರಲ್ಲಿ ಅರ್ಧ ಅರಮನೆ ಉಳಿದುಕೊಂಡಿದೆ. ಆ ಬದಿಯನ್ನು ಹೊರಗೆ ಮಾಡಿ ಹಾಕು, ಇಣುಕುವವರು ಅರಮನೆಯನ್ನೇ ನೋಡಲಿ.

ಕೆಳಗಿನ ಕೋಣೆಯನ್ನು ನನಗೆಂದು ಕಾಯಿಸಬೇಡ. ಖಾಲಿ ಕೋಣೆಗೆ ತೇವ ಬೇಗ ಹಿಡಿಯುತ್ತದೆ. ಯಾರಿಗಾದರೂ ಕೊಡು.

ನಿನ್ನ ಅತ್ತೆ


ಜೂನ್ ೨

ಅತ್ತೆಯವರಿಗೆ ನಮಸ್ಕಾರ.

ಉತ್ತರ ಬರೆಯುವುದು ತಡವಾಯಿತು. ಎರಡು ಸಲ ಬರೆದು ಹರಿದೆ.

ಪರದೆಗಳು ಅಳತೆಗೆ ಸರಿಯಾಗಿವೆ. ಅರಮನೆ ಬೀದಿಯ ಕಡೆಗಿದೆ. ಬ್ರೆಡ್ಡಿನವಳು, "ರಾಣಿಯವರು ಎದ್ರಾ?" ಎನ್ನುತ್ತ ಬಾಗಿಲು ತಟ್ಟುತ್ತಾಳೆ.

ಹರಿದ ಪತ್ರಗಳಲ್ಲಿ ಬರೆದದ್ದು ಕೆಳಗಿನ ಕೋಣೆಯ ವಿಷಯ. ಅಲ್ಲಿ ಈಗ ಒಬ್ಬರು ಇದ್ದಾರೆ. ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಹೊರಟಿರುತ್ತಾರೆ, ಮಧ್ಯಾಹ್ನ ಒದ್ದೆ ಬಟ್ಟೆ ಹೊತ್ತು ಬರುತ್ತಾರೆ. ಮಾತು ಬಹಳ. ಎಷ್ಟೆಂದರೆ, ಅವರು ಸಾರಿಗೆ ಉಪ್ಪು ಸಾಲದು ಎನ್ನಲು ಶುರು ಮಾಡಿದರೆ ಅದು ಅವರ ಅಜ್ಜಿಯ ಮದುವೆಗೆ ಹೋಗಿ ಮುಟ್ಟುತ್ತದೆ. ಸಂಜೆ ಊಟದ ಹೊತ್ತಿಗೆ ನಾನೂ ಯಂತ್ರ ನಿಲ್ಲಿಸಿ ಕೆಳಗೆ ಇಳಿಯುತ್ತೇನೆ. ಒಟ್ಟಿಗೇ ಊಟ ಮಾಡುತ್ತೇವೆ. ಈಚೆಗೆ ನಾನೂ ನಗುತ್ತೇನೆ.

ನಿಮಗೆ ಬೇಸರವಾದೀತು ಎಂದು ಇಷ್ಟು ದಿನ ಬರೆಯಲಿಲ್ಲ. ಬರೆಯದೆ ಇರುವುದೂ ಸರಿಯಲ್ಲ ಎನಿಸಿತು.

ನಿಮ್ಮ ಗಂಟಿನ ಮೇಲೆ ಬೇರೆ ಬಡಾವಣೆಯ ಅಂಚೆ ಮುದ್ರೆ ಇತ್ತು. ಆರೋಗ್ಯವಾಗಿದ್ದೀರಿ ತಾನೆ?

ನಿಮ್ಮ ಸೊಸೆ


ಜೂನ್ ೧೧

ಸೊಸೆಗೆ ಆಶೀರ್ವಾದ.

ನಿನ್ನ ಪತ್ರವನ್ನು ಎರಡು ಸಲ ಓದಿದೆ, ಎರಡನೆಯ ಸಲ ಕನ್ನಡಕ ಹಾಕಿಕೊಂಡು. ಎಷ್ಟು ಸುತ್ತಿ ಬಳಸಿ ಬರೆದಿದ್ದೀಯಮ್ಮ. ಹೆಂಗಸೊಬ್ಬಳು ಹೆಸರು ಹೇಳದೆ ಬರೀ "ಅವರು, ಅವರು" ಎಂದು ಬರೆದರೆ ಅದು ಯಾರು ಎಂದು ಕೇಳುವಷ್ಟು ಪೆದ್ದಿ ನಾನಲ್ಲ. ನಾನೂ ಒಬ್ಬರನ್ನು ಅವರು ಎಂದೇ ಕರೆದು ಬಾಳಿದವಳು. ಒದ್ದೆ ಬಟ್ಟೆ ಎಂದರೆ ದೋಣಿಯವನಿರಬೇಕು. ಇರಲಿ. ಕೈಯಲ್ಲಿ ಕಸುಬಿದ್ದವನು ಉಪವಾಸ ಕೆಡವುವುದಿಲ್ಲ.

ಬೇಸರವಾಯಿತೇ ಎಂದರೆ, ಆಯಿತು. ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು ಇತ್ತು, ಇಳಿಸುವಷ್ಟರಲ್ಲಿ ಹೋಯಿತು. ಮದುವೆಯಾಗುವ ಮನಸ್ಸಿದ್ದರೆ ಆಗು. ಜನ ಏನೆನ್ನುತ್ತಾರೆ ಎಂದು ನೋಡಬೇಡ, ಅವರ ನಾಲಿಗೆಗೆ ಕೆಲಸ ಬೇಕು. ನಾನು ಏನೆನ್ನುತ್ತೇನೆ ಎಂದೂ ನೋಡಬೇಡ, ನಾನು ಹೂಂ ಎಂದಾಗಿದೆ.

ಇನ್ನೊಂದು ಮಾತು. ಅವನು ನನ್ನ ಮಗ, ಹೋದವರನ್ನು ಆಡಬಾರದು. ಆದರೂ ನೀನು ನಗುತ್ತೇನೆ ಎಂದು ಬರೆದದ್ದನ್ನು ಕಂಡು ಹೇಳುತ್ತೇನೆ. ಅವನಿಗೆ ಮುನಿಸು ಬಂದರೆ ವಾರಗಟ್ಟಲೆ ಬಾಯಿ ಬಿಡುತ್ತಿರಲಿಲ್ಲ. ನೀನು ತಟ್ಟೆ ಇಡುವ ಸದ್ದು, ಅವನು ತಟ್ಟೆ ಸರಿಸುವ ಸದ್ದು, ಆ ಮನೆಯಲ್ಲಿ ಅಷ್ಟೇ ಮಾತುಕತೆ. ನನ್ನ ಕಿವಿ ಮಂದವಾದರೂ ಅದು ಕೇಳುತ್ತಿತ್ತು. ಅವನು ಚಿಕ್ಕಂದಿನಿಂದಲೂ ಹಾಗೇ. ಅವನ ಅಪ್ಪನೂ ಹಾಗೇ ಇದ್ದರು. ನಾನು ಅಂಗಿ ಲಂಗಗಳ ಜೊತೆ ಮಾತಾಡುವುದನ್ನು ಕಂಡು ನಾಟಕದವರು ನಗುತ್ತಾರಲ್ಲ, ಆ ವಿದ್ಯೆ ಕಲಿತದ್ದು ಮನೆಯಲ್ಲಿ.

ನೀನು ಒಳ್ಳೆಯ ಹೆಂಡತಿಯಾಗಿದ್ದೆ. ಅವನು ಹೇಳಿರಲಿಕ್ಕಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಮುದ್ರೆಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಬೀದಿಯ ಅಂಚೆ ಡಬ್ಬಿ ತುಕ್ಕು ಹಿಡಿದು ಬಾಯಿ ಮುಚ್ಚಿಕೊಂಡಿದೆ. ಟಿಕೆಟ್ ಕೊಡುವವಳು ತನ್ನ ಬೀದಿಯಲ್ಲಿ ಹಾಕುತ್ತಾಳೆ.

ನಿನ್ನ ಅತ್ತೆ


ಜೂನ್ ೩೦

ಅತ್ತೆಯವರಿಗೆ ನಮಸ್ಕಾರ.

ಅವರು ಹೆಂಗಸು. ಇಲ್ಲಿನ ಈಜುಕೊಳದಲ್ಲಿ ಈಜು ಕಲಿಸುವ ಮೇಡಂ. ಐವತ್ತು ದಾಟಿದೆ, ಗೊರಕೆ ಹೊಡೆಯುತ್ತಾರೆ. ನಿಮಗೆಂದು ಇಟ್ಟ ಕೋಣೆಯನ್ನು ಬೇರೆಯವರಿಗೆ ಕೊಟ್ಟೆನಲ್ಲ ಎಂಬ ಸಂಕೋಚಕ್ಕೆ ಸುತ್ತಿ ಬಳಸಿ ಬರೆದೆ. ಅದು ನಿಮ್ಮ ಕಣ್ಣಿಗೆ ಮದುವೆಯಾಗಿ ಕಂಡಿತು.

ನಾನು ನಕ್ಕದ್ದು ಕೆಳಗೆ ಕೇಳಿ ಅವರು ಮೇಲೆ ಹತ್ತಿ ಬಂದರು. ಪತ್ರದ ಮೊದಲ ಭಾಗವನ್ನು ಓದಿ ಹೇಳಬೇಕಾಯಿತು. "ನಿಮ್ಮ ಅತ್ತೆಗೆ ಬರೀರಿ, ಕಸುಬಿರೋ ದೋಣಿಯವನು ಸಿಕ್ಕಿದ್ರೆ ಮೊದಲು ನನಗೇ ಹೇಳಬೇಕು ಅಂತ" ಎಂದು ಹೇಳಿಕಳಿಸಿದ್ದಾರೆ.

ಎರಡನೆಯ ಭಾಗವನ್ನು ಓದಿ ಹೇಳಲಿಲ್ಲ. ಅವರು ಇಳಿದು ಹೋದ ಮೇಲೆ ನಾನೊಬ್ಬಳೇ ಓದಿದೆ.

ನಿಮಗೆ ಅದೆಲ್ಲ ಕೇಳಿಸುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಮಗ ಕೊನೆಯ ಸಲ ಮಾತು ಬಿಟ್ಟದ್ದು ಆಸ್ಪತ್ರೆಗೆ ಸೇರುವ ಹಿಂದಿನ ವಾರ. ಕಾರಣ ದೊಡ್ಡದಲ್ಲ, ಕಿಟಕಿ ತೆರೆದಿಡುವ ವಿಷಯ. ಆಮೇಲೆ ಜ್ವರ ಬಂತು. ಆಸ್ಪತ್ರೆಯಲ್ಲೂ ಮಾತಾಡಲಿಲ್ಲ. ಅದು ಮುನಿಸೋ ಸುಸ್ತೋ ನನಗೆ ತಿಳಿಯಲಿಲ್ಲ. ಈ ಎರಡು ವರ್ಷ ಬೇರೇನೂ ಯೋಚಿಸಿಲ್ಲ ಎಂದರೆ ಸುಳ್ಳಾಗುತ್ತದೆ, ಹಲ್ಲುಗಳ ಬಗ್ಗೆ ಯೋಚಿಸಿದ್ದೇನೆ. ಉಳಿದ ಹೊತ್ತು ಅದನ್ನೇ. ನೀವು ಮನಸ್ಸಿನಲ್ಲಿ ನನ್ನನ್ನೇ ದೂರುತ್ತಿದ್ದೀರಿ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿದ್ದೂ ನಿಮ್ಮೊಡನೆ ಹೆಚ್ಚು ಮಾತಾಡದೆ ಉಳಿದದ್ದು ಅದಕ್ಕೆ. ಊರು ಬಿಟ್ಟದ್ದಕ್ಕೂ ಬಾಡಿಗೆ ಒಂದೇ ಕಾರಣವಲ್ಲ.

ಹಲ್ಲಿನ ಸಾಮಾನು ಕೊಳ್ಳಲು ಜುಲೈಯಲ್ಲಿ ನಗರಕ್ಕೆ ಬರುತ್ತೇನೆ. ಮನೆಗೂ ಬರುತ್ತೇನೆ.

ನಿಮ್ಮ ಸೊಸೆ


ಜುಲೈ ೫

ಸೊಸೆಗೆ ಆಶೀರ್ವಾದ.

ಈಜು ಕಲಿಸುವ ಮೇಡಂ ಎಂದು ಮೊದಲೇ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನು ಮನಸ್ಸಿನಲ್ಲೇ ಆ ದೋಣಿಯವನಿಗೆ ಒಂದು ಕೋಟು ಕತ್ತರಿಸಿಯೂ ಆಗಿತ್ತು.

ಆಸ್ಪತ್ರೆಯ ವಿಷಯ. ಅದು ಸುಸ್ತು. ಮುನಿಸಿದ್ದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ, ತೊಟ್ಟಿಲು ಬಿಟ್ಟಾಗಿನಿಂದ ನೋಡಿದ್ದೇನೆ. ಅಲ್ಲಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದ. ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಬಾಗಿಲಿನಿಂದ ಬರಬೇಕಾಗಿದ್ದವಳು ನೀನು.

ಜುಲೈಯಲ್ಲಿ ಬರಬೇಡ. ನಾಟಕದವರ ಜೊತೆ ಬೇರೆ ಊರುಗಳಿಗೆ ಹೋಗುವುದಿದೆ. ಮನೆಗೆ ಬೀಗ ಹಾಕಿರುತ್ತದೆ.

ನಿನ್ನ ಅತ್ತೆ


ಜುಲೈ ೧೯

ಅತ್ತೆಯವರಿಗೆ ನಮಸ್ಕಾರ.

ಈ ಪತ್ರವನ್ನು ಟಿಕೆಟ್ ಕೊಡುವವರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀವು ಅಲ್ಲಿರುವುದು ನನಗೆ ಗೊತ್ತು.

ಸಾಮಾನು ಕೊಳ್ಳುವುದನ್ನು ಮುಂದೆ ಹಾಕುವಂತಿರಲಿಲ್ಲ. ಹೋದಾಗ, ಬೀಗ ಹಾಕಿದ್ದರೂ ಒಮ್ಮೆ ನೋಡಿ ಬರೋಣ ಎಂದು ಮನೆಯ ಕಡೆ ಹೋದೆ. ಬೀಗ ಇರಲಿಲ್ಲ. ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದರು. ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ತೆರೆದು, "ನಾವು ಮೇ ತಿಂಗಳಿಂದ ಇದೀವಿ. ಯಾರು ಬೇಕಿತ್ತು?" ಅಂದಳು. ಮನೆ ತಪ್ಪಿತು ಎಂದೆ.

ಅಲ್ಲಿಂದ ನಾಟಕ ಮಂದಿರಕ್ಕೆ ಹೋದೆ. ಬಾಗಿಲಿಗೆ ಹಲಗೆ ಹೊಡೆದಿದ್ದರು. ಕಾವಲಿನವರು ನನ್ನ ಗುರುತು ಹಿಡಿದರು. "ಏಪ್ರಿಲ್‌ಗೇ ಮುಚ್ಚಿದ್ರಲ್ಲಮ್ಮ, ಅತ್ತೆ ಹೇಳ್ಲಿಲ್ವಾ? ಮನೆ ಮಾಲೀಕರು ಬೇರೆ ಅದೇ ಸಮಯಕ್ಕೆ ಮನೆ ಬಿಡಿ ಅಂದ್ರು, ಪಾಪ" ಎಂದು ಹೇಳಿ, ಟಿಕೆಟ್ ಕೊಡುವವರ ಮನೆಗೆ ದಾರಿ ತೋರಿಸಿದರು.

ನಾನು ಬಂದಾಗ ನೀವು ಜಗಲಿಯಲ್ಲಿ ಮಡಿಚುವ ಮಂಚದ ಮೇಲೆ ಕೂತು ಯಾರದೋ ದಿಂಬಿನ ಚೀಲಗಳಿಗೆ ಗುಂಡಿ ಹೊಲಿಯುತ್ತಿದ್ದಿರಿ. ನಿಮ್ಮ ಪೆಟ್ಟಿಗೆ ಮಂಚದ ಕೆಳಗಿತ್ತು. ಬೇಲಿಯ ಈಚೆ ನಿಂತಿದ್ದೆ. ಕೂಗಿದರೆ ನೀವು ಎದ್ದು ನಿಲ್ಲಬೇಕಾಗುತ್ತಿತ್ತು, ಏನಾದರೂ ಒಂದು ಹೇಳಬೇಕಾಗುತ್ತಿತ್ತು, ನಾನು ಅದನ್ನು ನಂಬಿದಂತೆ ಮಾಡಬೇಕಾಗುತ್ತಿತ್ತು. ಆದ್ದರಿಂದ ಕೂಗಲಿಲ್ಲ. ಬಸ್ಸು ಹತ್ತಿದೆ.

ಈಜು ಮೇಡಂಗೆ ಎಲ್ಲ ಹೇಳಿದೆ. ತಾವು ಮೇಲೆ ಯಂತ್ರದ ಪಕ್ಕದಲ್ಲಿ ಮಲಗುವುದಾಗಿ ಹೇಳಿ, ಕೆಳಗಿನ ಕೋಣೆ ಅತ್ತೆಯವರಿಗಿರಲಿ ಎಂದರು. ಬರುವುದು ಬಿಡುವುದು ನಿಮ್ಮ ಇಷ್ಟ ಎಂದು ಈ ಸಲ ಬರೆಯುವುದಿಲ್ಲ. ಬನ್ನಿ.

ನಿಮ್ಮ ಸೊಸೆ


ಆಗಸ್ಟ್ ೧

ಸೊಸೆಗೆ.

ಕಣ್ಣಾರೆ ಕಂಡೂ ಕೂಗದೆ ಹೋದೆಯಲ್ಲ. ಟಿಕೆಟ್ ಕೊಡುವವಳು ಆ ದಿನವೇ ಹೇಳಿದಳು, "ಯಾರೋ ನಿಮ್ಮ ಸೊಸೆ ಥರ ಇದ್ದಳು ಕಣ್ರೀ, ಬೇಲಿ ಹತ್ತಿರ" ಎಂದು. ಹಗಲುಗನಸು ಕಾಣಬೇಡ ಎಂದು ಅವಳನ್ನೇ ಗದರಿದೆ. ಒಂದು ಲೋಟ ನೀರನ್ನೂ ಕುಡಿಯದೆ ಅಷ್ಟು ದೂರ ಬಸ್ಸಿನಲ್ಲಿ ಹಿಂದಿರುಗಿ ಹೋದೆಯಾ? ಮೂರು ದಿನ ಕೋಪದಲ್ಲಿದ್ದೆ. ಕೋಪ ಯಾರ ಮೇಲೆ ಎಂದು ನಾಲ್ಕನೆಯ ದಿನವೂ ಗೊತ್ತಾಗಲಿಲ್ಲ, ಬಿಟ್ಟುಬಿಟ್ಟೆ.

ಹೇಳಲಿಲ್ಲವೇಕೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನೀನು ಆಗ ತಾನೆ ಅಲ್ಲಿ ಬೇರು ಬಿಡುತ್ತಿದ್ದೆ. ಮುದುಕಿಗೆ ನೆಲೆ ತಪ್ಪಿತು ಎಂದರೆ ಗಂಟು ಕಟ್ಟಿಕೊಂಡು ಓಡಿ ಬರುತ್ತಿದ್ದೆ. ನೆಟ್ಟ ಗಿಡವನ್ನು ಮರುದಿನ ಕಿತ್ತು ಬೇರು ಬಂತೇ ಎಂದು ನೋಡುತ್ತಾರೆಯೇ? ಆಮೇಲೆ ಕೆಳಗಿನ ಕೋಣೆಯಲ್ಲಿ ಯಾರೋ ಇದ್ದಾರೆ ಎಂದು ಬರೆದೆ. ಹೊಸ ಸಂಸಾರ ಹೂಡುವವಳ ಮನೆಗೆ ಹಳೆಯ ಗಂಡನ ತಾಯಿ ಪೆಟ್ಟಿಗೆ ಹಿಡಿದು ಹೋಗುವುದೇ? ಅದು ಈಜು ಮೇಡಂ ಎಂದು ತಿಳಿಯುವಷ್ಟರಲ್ಲಿ ಸುಳ್ಳು ಬೆಳೆದು ನಿಂತಿತ್ತು. ಹಳೆಯ ವಿಳಾಸಕ್ಕೆ ಬಂದ ನಿನ್ನ ಪತ್ರಗಳನ್ನು ಅಂಚೆಯವನೇ ಇಲ್ಲಿಗೆ ತಂದುಕೊಡುತ್ತಿದ್ದ.

ಬರುತ್ತೇನೆ, ಎಂಟು ದಿನಕ್ಕೆ. ಒಬ್ಬರನ್ನು ಎಬ್ಬಿಸಿ ಅವರ ಜಾಗದಲ್ಲಿ ಕೂರುವ ಅಭ್ಯಾಸ ನನಗಿಲ್ಲ, ಆ ಮೇ‌ಡಂ ಕೋಣೆ ಬಿಟ್ಟರೆ ನಾನು ಅದೇ ಬಸ್ಸಿಗೆ ವಾಪಸ್ಸು. ಮೆಟ್ಟಿಲು ಹತ್ತುತ್ತೇನೆ, ನಿಧಾನ ಹತ್ತಿದರಾಯಿತು. ಹೊಲಿಗೆ ಯಂತ್ರ ತರುತ್ತೇನೆ. ಎಂಟು ದಿನಕ್ಕೆ ಯಂತ್ರ ಏಕೆ ಎಂದು ಕೇಳಬೇಡ.

ನಿನ್ನ ಅತ್ತೆ


ಅಕ್ಟೋಬರ್ ೬

ಅತ್ತೆಗೆ,

ತರಬೇತಿ ಶುರುವಾಯಿತು. ಹಲ್ಲನ್ನು ಈಗ ಕಂಪ್ಯೂಟರಿನಲ್ಲಿ ಬಿಡಿಸಿ ಯಂತ್ರಕ್ಕೆ ಕೊಟ್ಟರೆ ಅದೇ ಕೊರೆದು ಕೊಡುತ್ತದೆ. ಡಾಕ್ಟರು ಕಳಿಸಿದ್ದು ಒಳ್ಳೆಯದಾಯಿತು. ನನಗಿಂತ ಅರ್ಧ ವಯಸ್ಸಿನವರ ನಡುವೆ ಕೂತು ಕಲಿಯುತ್ತಿದ್ದೇನೆ. ಉಳಿದುಕೊಂಡ ಕೋಣೆಯಿಂದ ಎದುರಿನ ಗೋಡೆ ಕಾಣುತ್ತದೆ. ಛಾವಣಿಯಲ್ಲಿ ಬೆಳಕು ಅಲುಗಾಡುವುದಿಲ್ಲ. ನಿದ್ದೆ ಸರಿಯಾಗಿ ಬರುತ್ತಿಲ್ಲ.

ಈಗ ಪತ್ರ ಬರೆಯುವವಳು ನಗರದಲ್ಲಿ, ಓದುವವರು ಕಾಲುವೆಯ ಮನೆಯಲ್ಲಿ. ಮನೆಯಲ್ಲಿದ್ದಾಗ ಹೇಳಲಾಗದ ಒಂದು ಮಾತನ್ನು ಬರೆಯುತ್ತೇನೆ.

ಎಂಟು ದಿನ ಎಂದು ಬಂದವರು ಎರಡು ತಿಂಗಳು ಕಳೆದಿರಿ. ಬಂದ ಕೆಲ ದಿನಕ್ಕೇ ನನ್ನ ಮಾದರಿ ಹಲ್ಲುಗಳನ್ನೆಲ್ಲ ನಿಮ್ಮ ಗುಂಡಿ ಡಬ್ಬಿಗಳಿಗೆ ತುಂಬಿ, ಚಿಕ್ಕದು ದೊಡ್ಡದು ಎಂದು ಜೋಡಿಸಿಟ್ಟಿದ್ದಿರಿ. ನಾನು ಅವನ್ನು ಬಣ್ಣದ ಪ್ರಕಾರ ಇಟ್ಟುಕೊಂಡಿದ್ದೆ. ಸಿಟ್ಟು ಬಂತು. ಮಾತು ಬಿಟ್ಟೆ. ತಟ್ಟೆ ಇಡುತ್ತಿದ್ದೆ, ಎತ್ತುತ್ತಿದ್ದೆ. ನಾನು ಏನು ಮಾಡುತ್ತಿದ್ದೇನೆ ಎಂದು ನನಗೇ ತಿಳಿದಿರಲಿಲ್ಲ. ಆಗ ನೀವು ಊಟದ ಮೇಜಿನ ಮೇಲೆ ಕೈಯೂರಿ, "ನೋಡು, ಈ ಆಟ ನಮ್ಮನೇಲಿ ಇಬ್ಬರು ಆಡಿ ಹೋಗಿದಾರೆ. ಮೂರನೆಯವಳು ಬೇಡ. ಬೈಯೋದಿದ್ರೆ ಬಾಯಿ ಬಿಟ್ಟು ಬೈ" ಅಂದಿರಿ.

ಬೈದೆ. ಹಲ್ಲಿನ ವಿಷಯಕ್ಕೆ ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ನಿಮ್ಮ ಮಗನ ಮೇಲೂ ಹೋಯಿತು. ಈಜು ಮೇಡಂ ಅನ್ನದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ನೀವು ಎಲ್ಲ ಕೇಳಿ, "ಮುಗೀತಾ? ಈಗ ಸಾರು ಬಡಿಸು" ಎಂದಿರಿ. ಅಷ್ಟು ಜೋರಾಗಿ ನಾನು ಯಾರೊಡನೆಯೂ ಮಾತಾಡಿದ ನೆನಪಿಲ್ಲ. ಆಮೇಲೆ ಹಸಿವಾಗಿತ್ತು.

ನೀವು ಯಂತ್ರದ ಪಕ್ಕ ಮಲಗುವುದು ನನಗೆ ಹಿಡಿಸುತ್ತಿಲ್ಲ. ಪ್ಲಾಸ್ಟರಿನ ಧೂಳಿಗೆ ನಿಮಗೆ ಕೆಮ್ಮು ಹೆಚ್ಚಾಗಿದೆ. ಇಲ್ಲ ಎನ್ನಬೇಡಿ, ಗೋಡೆಯಾಚೆ ನನಗೂ ಕೇಳುತ್ತದೆ. ನಾನು ಬಂದ ಮೇಲೆ ಏನಾದರೂ ದಾರಿ ಮಾಡೋಣ. ಹೊರೆಯಾದೆ ಎಂದುಕೊಂಡು ಅಷ್ಟರೊಳಗೆ ಎಲ್ಲಿಗಾದರೂ ಹೊರಟುಬಿಡಬೇಡಿ.

ನಿಮ್ಮ ಸೊಸೆ


ಅಕ್ಟೋಬರ್ ೧೪

ಸೊಸೆಗೆ ಆಶೀರ್ವಾದ.

ಹೊರಟುಬಿಟ್ಟಿದ್ದೇನೆ. ಗಾಬರಿಯಾಗಬೇಡ, ಸೇತುವೆ ದಾಟಿದ್ದೇನೆ ಅಷ್ಟೇ.

ಸೇತುವೆಯ ಆಚೆ ದೋಣಿಗಳಿಗೆ ದಪ್ಪ ಬಟ್ಟೆಯ ಹೊದಿಕೆ ಹೊಲಿಯುವ ಕಾರ್ಖಾನೆ ಇದೆಯಲ್ಲ, ಅದರ ಯಜಮಾನನಿಗೆ ಕೈ ಸಾಲದಾಗಿತ್ತು. ಹಗಲೆಲ್ಲ ಮೇಲೆ ಕೂತು ಕೆಮ್ಮುವ ಬದಲು ಹೋಗಿ ಕೇಳಿದೆ. ನನ್ನ ಬೆನ್ನು ನೋಡಿ, "ಅಮ್ಮಾ, ಇದು ಭಾರದ ಬಟ್ಟೆ, ನಿಮ್ಮಿಂದ ಆಗುತ್ತಾ?" ಅಂದ. "ರಾಜರ ಅಂಗಿಗಿಂತ ಭಾರವಾ ಇದು?" ಅಂದೆ. ಒಂದು ಹೊದಿಕೆ ಕೊಟ್ಟು ನೋಡಿದ. ಅಂಚು ಸ್ವಲ್ಪ ಸೊಟ್ಟ ಬಂತು, ಬಿಚ್ಚಿ ಮತ್ತೆ ಹೊಲಿದೆ. ದೋಣಿಯೇ ಸೊಟ್ಟಗಿತ್ತು ಎಂದು ಆಮೇಲೆ ಗೊತ್ತಾಯಿತು. ಈಗ ವಾರದಲ್ಲಿ ನಾಲ್ಕು ದಿನ ಕೆಲಸ. ಕಾರ್ಖಾನೆಯ ಪಕ್ಕದಲ್ಲೇ ಒಂದು ಕೋಣೆ ಖಾಲಿ ಬಿದ್ದಿತ್ತು, ನೆಲದ ಮಟ್ಟಕ್ಕೆ, ಮೆಟ್ಟಿಲಿಲ್ಲ, ಧೂಳಿಲ್ಲ. ಬಾಡಿಗೆ ನನ್ನ ದುಡಿಮೆಗೆ ಎಟುಕುತ್ತದೆ. ಈಜು ಮೇಡಂ ನನ್ನ ಹೊಲಿಗೆ ಯಂತ್ರವನ್ನು ತಳ್ಳುಗಾಡಿಯಲ್ಲಿ ಇಟ್ಟು ತಂದುಕೊಟ್ಟರು, ದಾರಿಯುದ್ದಕ್ಕೂ ಅಜ್ಜಿಯ ಮದುವೆಯ ಕಥೆ. ನನ್ನ ಕಿವಿ ಮಂದ ಎಂದು ಆ ದಿನ ಸಂತೋಷಪಟ್ಟೆ.

ನಿನ್ನ ಮೇಲಿನ ಮುನಿಸಿಗೆ ಹೋದೆ ಎಂದು ತಿಳಿಯಬೇಡ. ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡಬಾರದು ಎಂದು ನೋಡಿಕೊಳ್ಳುವುದರಲ್ಲೇ ಸವೆದುಹೋಗುತ್ತೇವೆ. ಎದುರು ದಡದಲ್ಲಿದ್ದರೆ ಬೇಕಾದಾಗ ಬಂದು ಬೈಯಬಹುದು.

ಕೀಲಿ ಕೊಡುವ ಮುಂಚೆ ಯಜಮಾನ, "ಆ ಹಲ್ಲಮ್ಮ ನಿಮಗೆ ಏನಾಗಬೇಕು?" ಎಂದು ಕೇಳಿದ. ಸೊಸೆ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಮಗ ಎಲ್ಲಿ ಎಂದು ಅವನು ಕೇಳುತ್ತಾನೆ, ಇಲ್ಲ ಎನ್ನಬೇಕು, ಅವನು ಅಯ್ಯೋ ಎನ್ನಬೇಕು. ಸ್ನೇಹಿತೆ ಎನ್ನೋಣವೆಂದರೆ ನಗುತ್ತಾನೆ.

"ಇನ್ನೇನಪ್ಪಾ ಆಗಬೇಕು?" ಅಂದೆ. "ಆಗೋದೆಲ್ಲ ಆಗಿದೆ. ಅವಳಿಗೆ ನಾನಿದೀನಿ, ನನಗೆ ಅವಳಿದಾಳೆ. ಕೀಲಿ ಕೊಡು."

ಕೊಟ್ಟ.

ದಪ್ಪ ಬಟ್ಟೆಗೆ ಹಾಕುವ ಸೂಜಿ ನಗರದಲ್ಲಿ ಒಳ್ಳೆಯದು ಸಿಗುತ್ತದೆ, ಬರುವಾಗ ತಾ. ಬಸ್ಸು ಇಳಿದವಳು ಮೊದಲು ನಿನ್ನ ಮನೆಗೆ ಹೋಗುತ್ತೀಯೋ ಇಲ್ಲಿಗೆ ಬರುತ್ತೀಯೋ ಬರೆ. ನೀನು ಎಲ್ಲಿಗೆ ಬರುತ್ತೀಯೋ ಅಡುಗೆ ಅಲ್ಲೇ ಮಾಡುತ್ತೇನೆ.

ನಿನ್ನ ಅತ್ತೆ